ಕಾಫಿ ಬೀಜದ ಹಲಗೆ: ಮೂರನೆಯ ವಾರ

ಪಶ್ಚಿಮ ಬಂಗಾಳದಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ, ಅಂದರೆ ಸಿಪಿಎಂ, ಸೋತ ಬಗೆಯನ್ನು ಮೂಡಿಗೆರೆಯ ನಮ್ಮ ಮನೆಯ ಜಗಲಿಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಕಾಫಿ ಬೀಜ ಅಂಟಿಸಿ ತೋರಿಸುವ ಕೆಲಸ ನಡೆದಿದೆ. ಒಂದು ವಿಧಾನಸಭಾ ಸ್ಥಾನಕ್ಕೆ ಒಂದು ಬೀಜ. ಮುಂದಿನ ತಿಂಗಳು ಗೆಳೆಯರ ಚರ್ಚೆಗೆ ಇದನ್ನು ಒಯ್ಯಬೇಕು.

ಮೊದಲ ವಾರದ ಕೆಲಸ ಮಳೆಯ ಪಾಲಾಯಿತು. ತೇವ ಹಿಡಿದ ಬೀಜಗಳು ಉಬ್ಬಿ ರಾತ್ರೋರಾತ್ರಿ ಉದುರಿದವು. ಬೇರೆ ಅಂಟು ತಂದು, ಬೀಜಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗಿಸಿದೆ. ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡನೆಯ ಬೀಜ ಪೀಬೆರಿಗೆ ಚಪ್ಪಟೆ ಮಗ್ಗುಲಿಲ್ಲ, ಹಲಗೆಗೆ ಕೂರುವುದಿಲ್ಲ. ಅವನ್ನೆಲ್ಲ ಆರಿಸಿ ತೆಗೆದೆ.

ಈಗ ಹಲಗೆ ಗಟ್ಟಿಯಾಗಿದೆ. 2006ಕ್ಕೆ 176 ಬೀಜ, 2011ಕ್ಕೆ 40, 2016ಕ್ಕೆ 26. 2021ರ ಸಾಲಿಗೆ ಅಂಟಿಸಲು ಏನೂ ಇಲ್ಲ. 1977ರಿಂದ 34 ವರ್ಷ ಆಳಿದವರ ಜಾಗ ಅದು. ಬರಿಯ ಮರವನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ.

ಎಸ್ಟೇಟ್ ಕಾರ್ಮಿಕರ ಸಂಘದಲ್ಲಿ ದುಡಿದು ಹಣ್ಣಾದ ಪಕ್ಕದ ಮನೆಯ ಅಣ್ಣ ಬಂದು ನೋಡಿದರು. "ಸ್ಥಾನ ಎಣಿಸಿದ್ದೀಯ. ಜನ ಎಲ್ಲಿ?" ಎಂದರು. ಮಾತು ನಾಟಿತು. ಶೇಕಡಾ ಒಂದು ಮತಕ್ಕೆ ಒಂದು ಬೀಜದಂತೆ ಎರಡನೆಯ ಹಲಗೆ ಹಿಡಿದೆ: ಸುಮಾರು 37, 30, 20, 5. 2016 ಮತ್ತು 2021ರ ಚುನಾವಣೆಗಳಲ್ಲಿ ಕಾಂಗ್ರೆಸ್ಸಿನೊಡನೆ ಸ್ಥಾನ ಹಂಚಿಕೊಂಡಿದ್ದರಿಂದ ಆ ಸಾಲುಗಳು ಕೊಂಚ ತೆಳ್ಳಗಿವೆ. ಅದನ್ನು ಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ.

ವಾದ ಹತ್ತಿಕೊಂಡದ್ದು ಇಲ್ಲಿಯೇ. ಅಣ್ಣನ ಪ್ರಕಾರ ಎಲ್ಲಕ್ಕೂ ಸಿಂಗೂರು, ನಂದಿಗ್ರಾಮಗಳೇ ಕಾರಣ. 1978ರಲ್ಲಿ ಆಪರೇಷನ್ ಬರ್ಗಾದಡಿ ಗೇಣಿದಾರರ ಹೆಸರನ್ನು ದಾಖಲೆಗೆ ಏರಿಸಿದ ಸರ್ಕಾರವೇ 2006ರಲ್ಲಿ ಸಿಂಗೂರಿನಲ್ಲಿ ಕಾರಿನ ಕಾರ್ಖಾನೆಗೆಂದು ರೈತರ ಹೊಲಕ್ಕೆ ಕೈ ಹಾಕಿತು. 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ ಭೂಸ್ವಾಧೀನ ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 14 ಜನ ಸತ್ತರು. ಅದನ್ನು ಹೇಳುವಾಗ ಈಗಲೂ ಅವರ ದನಿ ನಡುಗುತ್ತದೆ.

ಅದು ನಿಜವೇ. ಆದರೆ ಆ ಸಾವುಗಳ ನಂತರವೂ 30 ಬೀಜ ಉಳಿದಿದ್ದವಲ್ಲ? ಅಧಿಕಾರ ಹೋದಾಗ ಹೋದದ್ದು ಏಳು, ಹೋದ ಮೇಲೆ ಇಪ್ಪತ್ತೈದು. ಇಷ್ಟು ವರ್ಷ ಆಳಿದ ಪಕ್ಷಕ್ಕೆ, 2011ರಲ್ಲಿ ಗೆದ್ದ ತೃಣಮೂಲ ಕಾಂಗ್ರೆಸ್ಸಿನವರಿಂದ ಏಟು ತಿನ್ನುತ್ತಿದ್ದ ತನ್ನವರ ಪಕ್ಕದಲ್ಲಿ ನಿಲ್ಲಲಾಗಲಿಲ್ಲ, ಆಸರೆ ಹುಡುಕಿದವರು ಬಿಜೆಪಿಯತ್ತ ನಡೆದರು ಎಂಬುದು ನನ್ನ ವಾದ. ಅಣ್ಣ ಪೂರ್ತಿ ಒಪ್ಪಲಿಲ್ಲ, ಆದರೆ ಬೀಜಗಳನ್ನು ಎರಡು ಸಲ ಎಣಿಸಿದರು.

ಮುಂದಿನ ದಾರಿ ಯಾವುದು ಎಂದಾಗ, "ಕೂಲಿ, ಭೂಮಿ, ಎಸ್ಟೇಟ್ ಕಾರ್ಮಿಕರ ಲೈನ್ ಮನೆ. ಅಲ್ಲಿಂದಲೇ ಮತ್ತೆ ಶುರು ಮಾಡಬೇಕು" ಎಂದರು. ನಮ್ಮ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡಿನಿಂದ ಬಂದವರು ಎಷ್ಟೊಂದು ಜನ ಇದ್ದಾರೆ, ಅವರಿಗೆ ನಮ್ಮ ಕನ್ನಡದ ಕರಪತ್ರ ಓದಿ ಹೇಳುವವರು ಯಾರಣ್ಣ ಎಂದು ಕೇಳಿದೆ. ಅವರು ಉತ್ತರಿಸದೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ಬಂದು ಇನ್ನೂ ಖಾಲಿಯಿದ್ದ ಮೂರನೆಯ ಹಲಗೆಯನ್ನು ತಾವೇ ಹೊತ್ತೊಯ್ದರು. ಪರಿಚಯದ ಎಸ್ಟೇಟುಗಳ ಲೈನ್ ಮನೆಗಳಿಗೆ ಹೋಗಿ, ಯಾವ ಭಾಷೆ ಆಡುವ ಕುಟುಂಬಗಳು ಎಷ್ಟಿವೆ ಎಂದು ಕೇಳಿ ಬರುತ್ತಾರಂತೆ. ಅಂಟಿಸಲು ಅರ್ಧ ಸೇರು ಬೀಜ ಒಣಗಿಸಿ ಕೊಟ್ಟಿದ್ದೇನೆ.