ಗಾಣಗಾಪುರಕ್ಕೂ ಹೋಗ್ರಿ, ಗುಳಗಿನೂ ಬಿಡಬ್ಯಾಡ್ರಿ

ನಮ್ಮ ಕಲಬುರಗಿ ಜಿಲ್ಲಾದ ಗಾಣಗಾಪುರದಾಗ ದತ್ತನ ಗುಡಿ ಅದ, ಗಾಳಿ ಸೋಕ್ಯಾದ ಅಂತ ಮಂದಿ ತಮ್ಮವ್ರಿಗಿ ಅಲ್ಲಿಗಿ ಕರ್ಕೊಂಡು ಬರ್ತಾರ. ಮಧ್ಯಾಹ್ನದ ಆರತಿ ಹೊತ್ತಿಗಿ ನಿಂತು ನೋಡಿದವ್ರಿಗಿ ಗೊತ್ತು, ಅಲ್ಲಿವರೆಗೂ ಸುಮ್ನ ಕುಂತ ಹೆಣ್ಮಕ್ಳು ಆರತಿ ಶುರು ಆದ ಕೂಡ್ಲೆ ಕೂದಲ ಬಿಚ್ಕೊಂಡು ತಲಿ ತಿರುಗಸ್ತಾರ, ಕೆಲವ್ರು ಕಂಬ ಹತ್ತಿ ಜೋತಬೀಳ್ತಾರ, ದೇವರಿಗೇ ಬೈತಾರ, ಅಳ್ತಾರ, ಮುಗದ ಮ್ಯಾಲ ಸುಸ್ತಾಗಿ ನೆಲಕ್ಕ ಬೀಳ್ತಾರ. ಬಾಜೂಕ ಅವ್ವನೋ ಅಕ್ಕನೋ ಸೆರಗಿಂದ ಮಾರಿ ಒರಸಿ ನೀರು ಕುಡಸ್ತಿರ್ತಾಳ. ಇದರ ವಿಡಿಯೋ ಹಾಕಿ ಮೂಢನಂಬಿಕಿ ಅಂತ ನಗೋ ಮಂದಿ ಮ್ಯಾಲ ನನಗ ಭಾಳ ಸಿಟ್ಟು ಬರ್ತದ. ಆ ಅವ್ವ ಮಗಳಿಗಿ ಕರ್ಕೊಂಡು ಬ್ಯಾರೆ ಎಲ್ಲಿಗಿ ಹೋಗ್ಬೇಕಿತ್ತು? ಮನೋರೋಗದ ದೊಡ್ಡ ಆಸ್ಪತ್ರಿ ನಿಮ್ಹಾನ್ಸ್ ಇರೋದು ಬೆಂಗಳೂರಾಗ, ಇಲ್ಲಿಂದ ರಾತ್ರಿಯೆಲ್ಲ ಟ್ರೇನಿನ ಹಾದಿ.

ನಮ್ಮ ಬಳಗದಾಗ ಒಬ್ಬಾಕಿಗಿ ಬಾಣಂತನದಾಗ ನಿದ್ದಿನೇ ಹೋಯ್ತು, ಕೂಸಿಗಿ ಹಾಲು ಕುಡಸಲ್ಲ ಅಂದ್ಳು, ಒಬ್ಬಾಕಿನೇ ಮಾತಾಡ್ಲಕತ್ಲು. ಗಾಳಿ ಸೋಕ್ಯಾದ ಅಂತ ಆಕಿ ಅತ್ತಿ ಗಾಣಗಾಪುರಕ್ಕ ಕರ್ಕೊಂಡು ಹೋದ್ರು. ಮುಂಜಾನೆ ಎದ್ದು ಸಂಗಮದಾಗ ಸ್ನಾನ, ಔದುಂಬರ ಗಿಡಕ್ಕ ಪ್ರದಕ್ಷಿಣಿ, ಐದು ಮನಿ ಮಧುಕರಿ ಬೇಡಿ ಊಟ. ನಾ ನೋಡ್ಲಕ್ಕ ಹೋದಾಗ ಮಾರಿ ಮ್ಯಾಲ ಒಂಚೂರು ಕಳೆ ಬಂದಿತ್ತು, ಯಾಕಂದ್ರ ಹೊತ್ತಿಗಿ ಸರಿಯಾಗಿ ಏಳೋದು, ನಡಿಯೋದು, ನಾಕ ಮಂದಿ ನಡುವ ಇರೋದು ಸಣ್ಣ ಮಾತಲ್ಲ. ಆದ್ರ ನಿದ್ದಿ ಬಂದಿದ್ದು ಕಲಬುರಗಿ ಡಾಕ್ಟರ್ ಗುಳಗಿ ಕೊಟ್ಟ ಮ್ಯಾಲೇ. ಈಗ ಆ ಅತ್ತಿ ಗುಳಗಿ ಪಾಕೀಟು ದೇವರ ಜಗಲಿ ಮ್ಯಾಲೇ ಇಟ್ಟಾರ, ದಿನಾ ಪೂಜಾ ಮುಗಿಸಿ ತೀರ್ಥದ ಜೋಡಿ ಸೊಸಿ ಕೈಗಿ ತಾವೇ ಕೊಡ್ತಾರ.

ಇಂಥಾದ್ದು ನಮ್ಮಲ್ಲಿ ಅಷ್ಟೇ ಅಂತ ತಿಳ್ಕೋಬ್ಯಾಡ್ರಿ. ಬೆಲ್ಜಿಯಂನಾಗ ಗೀಲ್ ಅಂತ ಒಂದೂರು ಅದ, ಅಲ್ಲಿ ಸೇಂಟ್ ಡಿಂಫ್ನಾ ಅನ್ನೋ ಸಂತಳ ಚರ್ಚು, ತಲಿ ಸರಿ ಇಲ್ಲದವ್ರಿಗಿ ಆರಾಮ ಮಾಡ್ತಾಳ ಅಂತ ನಂಬಿ 13ನೇ ಶತಮಾನದಿಂದ ಯುರೋಪಿನ ಮಂದಿ ತಮ್ಮವ್ರಿಗಿ ಅಲ್ಲಿಗಿ ಕರ್ಕೊಂಡು ಹೊಂಟ್ರು, ಥೇಟ್ ನಮ್ಮ ಗಾಣಗಾಪುರದಂಗ. ಚರ್ಚಿನಾಗ ಜಾಗಾ ಸಾಲದಾಗ ಊರವ್ರು ತಮ್ಮ ಮನಿಗಿ ಕರ್ಕೊಂಡು ಹೋಗಿ ಇಟ್ಕೊಂಡ್ರು, ಊಟ ಹಾಕಿದ್ರು, ಹೊಲದ ಕೆಲಸಕ್ಕ ಜೋಡಿ ಕರದ್ರು. 19ನೇ ಶತಮಾನದಾಗ ಸರ್ಕಾರ ಬಂತು, ಡಾಕ್ಟರು ಬಂದ್ರು, ಆಸ್ಪತ್ರಿ ಆಯ್ತು, ಆದ್ರ ಮನ್ಯಾಗ ಇಟ್ಕೊಳ್ಳೋ ಪದ್ಧತಿ ಯಾರೂ ಕೆಡಿಸಲಿಲ್ಲ. 1930ರ ದಶಕದಾಗ 3,000ಕ್ಕೂ ಮ್ಯಾಲ ಮಂದಿ ಹಿಂಗ ಇದ್ರಂತ, ಈಗ ಕಡಿಮಿ ಆಗ್ಯಾರ ಆದ್ರ ನಿಂತಿಲ್ಲ. ನನ್ನ ಮನಸಿಗಿ ಹತ್ತಿದ್ದು ಇದೇ ನೋಡ್ರಿ, ಭಕ್ತಿನೂ ಉಳೀತು, ವೈದ್ಯನೂ ಬಂದ.

ಜಿಂಬಾಬ್ವೆದಾಗ ಮನೋವೈದ್ಯರು ಬೆರಳೆಣಿಕಿಯಷ್ಟು, ಅಲ್ಲಿ ಡಿಕ್ಸನ್ ಚಿಬಾಂಡಾ ಅನ್ನೋ ಡಾಕ್ಟರ್ 2006ರಾಗ ಹರಾರೆದಾಗ ಅಜ್ಜಿಗೋಳಿಗಿ ತರಬೇತಿ ಕೊಟ್ಟು ದವಾಖಾನಿ ಅಂಗಳದ ಬೆಂಚಿನ ಮ್ಯಾಲ ಕುಂದ್ರಿಸಿದ್ರು, ಮಂದಿ ಬಂದು ಕಷ್ಟ ಹೇಳ್ಕೋತಾರ. ಗುಜರಾತಿನ ಮೀರಾ ದಾತಾರ್ ದರ್ಗಾದಾಗ ದವಾ-ದುವಾ, ಅಂದ್ರ ಔಷಧನೂ ಪ್ರಾರ್ಥನಾನೂ, ಅಂತನೇ ಮಾಡ್ಯಾರ, ದರ್ಗಾ ನೋಡ್ಕೊಳ್ಳೋ ಮುಜಾವರರೇ ಮಂದಿಗಿ ಡಾಕ್ಟರ್ ಕಡಿ ಕಳಸ್ತಾರ. ನಮ್ಮ ಕಲಬುರಗಿ ಬಂದೇನವಾಜ್ ದರ್ಗಾಕ್ಕೂ, ಗಾಣಗಾಪುರಕ್ಕೂ ಇಂಥ ಕೆಲಸ ಯಾಕ ಬ್ಯಾಡ? ಪೂಜಾರಿ ಒಂದ್ ಮಾತು "ಗುಳಗಿ ತೊಗೊಳವ್ವ, ದೇವರೇ ಕೊಟ್ಟಾನ" ಅಂದ್ರ ಸರ್ಕಾರದ ನೂರು ಬೋರ್ಡಿಗಿಂತ ಹೆಚ್ಚು ಕೆಲಸ ಮಾಡ್ತದ.

ಸರಪಳಿ ಮಾತ್ರ ಬ್ಯಾಡ್ರಪ್ಪ. 2001ರ ಆಗಸ್ಟ್ 6ಕ್ಕ ತಮಿಳುನಾಡಿನ ಎರವಾಡಿಯಾಗ ದರ್ಗಾ ಹತ್ರ ಇಟ್ಟಿದ್ದ ರೋಗಿಗಳ ಗುಡಿಸಲಿಗಿ ಬೆಂಕಿ ಹತ್ತಿ 28 ಮಂದಿ ಸತ್ರು, ಕಟ್ಟಿ ಹಾಕಿದ್ರಲ್ಲ, ಓಡ್ಲಕ್ಕ ಆಗ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾರಿಗೂ ಸರಪಳಿ ಹಾಕಂಗಿಲ್ಲ, ಮನ್ಯಾಗ ಹೊಲದಾಗ ಹಿಂಗ ಕಟ್ಟಿ ಹಾಕಿದ್ದು ಕಂಡ್ರ ಸುಮ್ನ ಕೂಡಬ್ಯಾಡ್ರಿ.

ಮನ್ಯಾಗ ಯಾರಿಗಾದ್ರೂ ನಿದ್ದಿ ಇಲ್ಲ, ಊಟ ಬ್ಯಾಡ, ಸಾಯಬೇಕು ಅಂತಾರ ಅಂದ್ರ ಜಿಲ್ಲಾ ಆಸ್ಪತ್ರಿಗಿ ಕರ್ಕೊಂಡು ಹೋಗ್ರಿ, ಇಲ್ಲಾಂದ್ರ ಮನಸಿನ ಕಷ್ಟಕ್ಕ ಸರ್ಕಾರ ಇಟ್ಟ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಅಮಾಸಿಗಿ ಗಾಣಗಾಪುರಕ್ಕ ಹೊಂಟಿದ್ರ ಅಲ್ಲಿಗೂ ಹೋಗಿ ಬರ್ರಿ, ಗುಳಗಿ ಚೀಲದಾಗ ಇಟ್ಕೊಂಡು.