ಉಣ್ಣೆ ಹೇನು ಕಂಡ ಕೂಡಲೇ ಪಂಪ್ ಹೆಗಲಿಗೇರಿಸಬೇಡಿ

ಅಥಣಿ, ಜಮಖಂಡಿ, ಮುಧೋಳ ಕಡೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು 2002ರಿಂದೀಚೆಗೆ ಗಂಟುಬಿದ್ದ ಪೀಡೆ. ಎಲೆಯ ಕೆಳಬದಿ ಹತ್ತಿ ಮೆತ್ತಿದಂತೆ ಕಾಣುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಕೂರುತ್ತದೆ.

ಔಷಧಿ ಕಲಸುವ ಮೊದಲು ನಾಲ್ಕಾರು ಕಡೆ ಎಲೆ ತಿರುವಿ ನೋಡಿ. ಹೇನಿನ ಗುಂಪಿನೊಳಗೆ ತೆಳು ರೇಷ್ಮೆ ಬಲೆ, ಅದರಡಿ ಒಂದು ಹುಳು ಇದ್ದರೆ ಅದು ಡೈಫಾ. ಕಬ್ಬು ಕೊರೆಯುವ ಹುಳು ಎಂದು ಹೊಸಕಿ ಹಾಕುವವರೇ ಜಾಸ್ತಿ; ಆದರೆ ಅದು ಹೇನು ತಿಂದೇ ಬೆಳೆಯುವ ಪತಂಗದ ಮರಿ, ಕಬ್ಬನ್ನು ಮುಟ್ಟುವುದಿಲ್ಲ. ಹೇನು ತಿನ್ನುವ ಇನ್ನೊಂದು ಕೀಟ ಮೈಕ್ರೋಮಸ್: ಕಂದು ರೆಕ್ಕೆಯದು, ಸಣ್ಣದು. ಇದರ ಮರಿ ಹೇನನ್ನು ಚುಚ್ಚಿ ರಸ ಹೀರಿ ಸಿಪ್ಪೆ ಬಿಡುತ್ತದೆ.

ಎತ್ತರದ ಕಬ್ಬಿನಲ್ಲಿ ಔಷಧಿ ಎಲೆಯ ಅಡಿಗೆ ಸರಿಯಾಗಿ ತಲುಪುವುದಿಲ್ಲ, ತಲುಪಿದರೂ ಮೇಣದ ಉಣ್ಣೆ ಅದನ್ನು ತಡೆಯುತ್ತದೆ. ಆದರೆ ಎಲೆ ಮೇಲೆ ಓಡಾಡುವ, ಹೇನು ತಿನ್ನುವ ಈ ಕೀಟಗಳಿಗೆ ವಿಷ ತಾಗುತ್ತದೆ. ಉಳಿದ ಹೇನು ಗಂಡಿಲ್ಲದೆಯೇ ಮರಿ ಹಾಕುವ ಜಾತಿ. ತಿನ್ನುವವರಿಲ್ಲದ ಹೊಲದಲ್ಲಿ ಮತ್ತೆ ತುಂಬಿಕೊಳ್ಳಲು ತಡವಾಗದು.

ನಿಮ್ಮಲ್ಲಿ ಡೈಫಾ ಇಲ್ಲವೇ? ಇರುವ ಹೊಲದಿಂದ ಮರಿ, ಗೂಡು ಇರುವ ಎಲೆಗಳನ್ನು ಬೆಳಗಿನ ತಂಪಿನಲ್ಲಿ ಗೇಣುದ್ದ ಕತ್ತರಿಸಿ, ಬುಟ್ಟಿಯಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಸಾಯುತ್ತವೆ. ಅದೇ ದಿನ ಆ ತುಂಡುಗಳನ್ನು ನಿಮ್ಮ ಹೊಲದ ಹೇನಿರುವ ಎಲೆಯ ಅಡಿಗೆ ಇಟ್ಟು ಸ್ಟೇಪ್ಲರ್ ಹೊಡೆಯಿರಿ. ತುಂಡಿನ ಜೊತೆ ಹೇನೂ ಬರುತ್ತದೆ, ಆದ್ದರಿಂದ ಹೇನಿಲ್ಲದ ಹೊಲಕ್ಕೆ ಒಯ್ಯಬೇಡಿ. ಆಮೇಲೆ ಸಿಂಪಡಣೆ ಬೇಡ, ಯೂರಿಯಾ ಕೈಯೂ ಬಿಗಿಯಿರಲಿ: ಮೆತ್ತನೆಯ ಎಲೆ ಹೇನಿಗೆ ಹಬ್ಬ.