ಮಗೀಗೆ ನೀರಾಕಿಲ್ವೇನ್ಲಾ?

ನಮ್ಮೂರ ಕಡೆ ಎಳೆ ಮಗು ಇರುವ ಮನೆಗೆ ಯಾರೇ ಬಂದರೂ ಹೊಸಿಲು ದಾಟುತ್ತಲೇ ಕೇಳುವ ಮಾತಿದು. ಮಗು ಉಂಡಿತಾ, ಮಲಗಿತಾ ಅನ್ನುವುದೆಲ್ಲ ಆಮೇಲೆ. ನೀರು ಹಾಕಿದ್ದೀವಿ ಅಂದರೆ ಆ ಮನೆಯವರು ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆ ಅಂತ ಲೆಕ್ಕ. ಹಾಕಿಲ್ಲ ಅಂದರೆ ಬಂದವರ ಕಣ್ಣು ಸೀದಾ ತಾಯಿಯ ಕಡೆ ಹೋಗುತ್ತದೆ. ತಂದೆಯ ಕಡೆ ಯಾರೂ ನೋಡುವುದಿಲ್ಲ. ನಾನೂ ಹೋದ ಸಂಕ್ರಾಂತಿಯವರೆಗೆ ಮಗಳ ಸ್ನಾನ ನನಗೆ ಸಂಬಂಧಪಟ್ಟ ವಿಷಯ ಅಂದುಕೊಂಡಿರಲಿಲ್ಲ.

ಆಗ ಅವಳಿಗೆ ಹತ್ತು ತಿಂಗಳು. ಮೈಸೂರಿನಿಂದ ಎತ್ತಿಕೊಂಡು ಪಾಂಡವಪುರ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆವು. ವಿಶ್ವೇಶ್ವರಯ್ಯ ನಾಲೆಯ ಬಯಲು. ಬೆಳಗ್ಗೆ ಏಳಾದರೂ ಕಬ್ಬಿನ ಗದ್ದೆ ಮೇಲೆ ಮಂಜು ಹಾಗೇ ಕೂತಿತ್ತು. ಅವ್ವ ಐದಕ್ಕೇ ಎದ್ದು ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆ ತುಂಬ ನೀರು ಕಾಯಿಸಿದ್ದಳು. ಅವತ್ತು ಊರಿಗೆ ಊರೇ ಮೈ ತೊಳೆಯುವ ದಿನ. ದನಗಳನ್ನು ನಾಲೆಗೆ ಹೊಡೆದುಕೊಂಡು ಹೋಗಿ ಹುಲ್ಲಿನ ಸಿಂಬಿಯಲ್ಲಿ ತಿಕ್ಕುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲ ಸರದಿ ಮೊಮ್ಮಗಳದ್ದು.

ಅವ್ವ ನೀರು ಹಾಕುವುದನ್ನು ನೋಡಬೇಕು. ಸೀರೆಯನ್ನು ಮಂಡಿಯ ತನಕ ಎತ್ತಿ ಕಟ್ಟಿ, ಮಣೆ ಮೇಲೆ ಕೂತು ಎರಡೂ ಕಾಲು ನೀಡುತ್ತಾಳೆ. ಮಗುವನ್ನು ಕಣಕಾಲ ಮೇಲೆ ಮಕಾಡೆ ಮಲಗಿಸಿ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡ ಕೊಬ್ಬರಿ ಎಣ್ಣೆಯನ್ನು ಬೆನ್ನಿನಿಂದ ಹಿಮ್ಮಡಿಯವರೆಗೆ ನೀವುತ್ತಾಳೆ. ನೆತ್ತಿಗೆ ಹರಳೆಣ್ಣೆ. ಆಮೇಲೆ ಕಡ್ಲೆಹಿಟ್ಟು, ಅದರ ಮೇಲೆ ನೀರು. ಚೊಂಬಿನ ಧಾರೆ ಮಗುವಿನ ಮೇಲೆ ನೇರವಾಗಿ ಬೀಳುವುದೇ ಇಲ್ಲ. ಅವ್ವನ ಎಡ ಅಂಗೈ ಮೊದಲು ಆ ನೀರನ್ನು ತಡೆದು, ಬೆರಳ ಸಂದಿಯಿಂದ ಸೋಸಿ ಬಿಡುತ್ತದೆ. ಬಿಸಿ ಎಷ್ಟಿದೆ ಅಂತ ಮಗುವಿಗಿಂತ ಮೊದಲು ಗೊತ್ತಾಗುವುದು ಆ ಕೈಗೆ. ಆದರೆ ಐವತ್ತು ವರ್ಷ ಗದ್ದೆ ನೆಟ್ಟು, ಒಲೆ ಹಿಡಿದ ಕೈ ಅದು. ಅದಕ್ಕೆ ಹದ ಅನ್ನಿಸಿದ್ದು ಹತ್ತು ತಿಂಗಳ ಬೆನ್ನಿಗೆ ಹದವಾಗಿತ್ತೇ ಅಂತ ಅವತ್ತು ನನಗೆ ಹೊಳೆಯಲಿಲ್ಲ.

ಕೊನೆಯ ಚೊಂಬು ನೀರನ್ನು ಮೂರು ಸಲ ನೀವಾಳಿಸಿ ಚೆಲ್ಲಿದಳು. ಕೆಂಪು ಕೆಂಪಾಗಿ ಹಬೆಯಾಡುತ್ತಿದ್ದ ಮಗುವನ್ನು ಹಳೇ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಸಾಂಬ್ರಾಣಿ ಹೊಗೆ ಆಯಿತು, ಹಾಲು ಕುಡಿದಿದ್ದಾಯಿತು, ಮೂರು ಗಂಟೆ ನಿದ್ದೆ. ಸಂಜೆ ದನಗಳನ್ನು ಕಿಚ್ಚು ಹಾಯಿಸುವ ಮುಂಚೆ, ಎಲ್ಲರೂ ಎತ್ತಿ ಆಡಿಸಿದ್ದಾರೆ, ಮೈಯೆಲ್ಲ ದೂಳು ಅಂತ ಮತ್ತೊಂದು ಸಲ ನೀರು. ಈ ಸಲ ಸೋಪೂ ಬಿತ್ತು. ಮೂರು ದಿನವೂ ಹೀಗೇ ನಡೆಯಿತು.

ಮೂರನೇ ರಾತ್ರಿ ಮಗಳು ಮಲಗಲಿಲ್ಲ. ಮೊಣಕೈ ಮಡಿಕೆಯನ್ನೂ ಕೆನ್ನೆಯನ್ನೂ ನನ್ನ ಎದೆಗೆ, ದಿಂಬಿಗೆ, ಕಂಬಳಿಗೆ ತಿಕ್ಕಿಕೊಂಡು ಅಳುತ್ತಲೇ ಇದ್ದಳು. ದೀಪ ಹಾಕಿ ನೋಡಿದರೆ ಮಂಡಿಯ ಹಿಂದೆ ಚರ್ಮ ಒಣಗಿದ ಕೆರೆಯ ಅಂಗಳದ ಹಾಗೆ ಸಣ್ಣಗೆ ಬಿರುಕು ಬಿಟ್ಟಿತ್ತು. ಒಂದು ಕಡೆ ಉಗುರು ತಾಗಿ ರಕ್ತ ಒಸರಿತ್ತು.

ಇದನ್ನು ಅವ್ವನ ತಲೆಗೆ ಕಟ್ಟುವುದು ಅನ್ಯಾಯ. ಕೆನ್ನೆಯ ಮೇಲಿನ ಒರಟು ಕಲೆ ಮೈಸೂರಿನಲ್ಲೇ ಶುರುವಾಗಿತ್ತು. ಅಲ್ಲಿ ನಾವೇನು ಕಮ್ಮಿ ಇರಲಿಲ್ಲ. ಗೀಸರ್ ನೀರು, ದಿನಾ ತಪ್ಪದೆ ಮೈತುಂಬ ಸೋಪು, ಆಮೇಲೆ ನೀರಲ್ಲಿ ಆಡಲಿ ಅಂತ ಅರ್ಧ ಗಂಟೆ ಟಬ್ಬಿನಲ್ಲಿ ಕೂರಿಸುವುದು. ಮೂರನೇ ಮಹಡಿಯ ಮನೆಯಲ್ಲಿ, ಇನ್ನೂ ಅಂಗಳದ ಮಣ್ಣನ್ನೇ ಮುಟ್ಟದ ಮಗುವಿಗೆ ಅಷ್ಟು ತೊಳೆಯುವಂಥ ಕೊಳೆ ಏನಿತ್ತು? ಕಲೆ ಕಂಡಾಗ ಕೊಳೆ ಹೋಗಿಲ್ಲ ಅಂದುಕೊಂಡು ಇನ್ನಷ್ಟು ತಿಕ್ಕಿದ್ದೂ ಉಂಟು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಮೈಸೂರಿಗೆ ವಾಪಸಾದ ಮಾರನೇ ದಿನವೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಕಲೆಗಳನ್ನು ನೋಡುವುದಕ್ಕೂ ಮೊದಲೇ ಅವರು ಕೇಳಿದರು, “ಸ್ನಾನ ದಿನಕ್ಕೆಷ್ಟು ಸಲ? ಎಷ್ಟು ಹೊತ್ತು?” ಹೇಳಿದೆವು. ಮಗಳ ಮಂಡಿ ಮಡಿಕೆಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಬಿಡಿಸಿ ನೋಡಿ, ಎಕ್ಸಿಮಾ ಅಂದರು. ಊರ ಕಡೆ ಇಸುಬು ಅನ್ನುತ್ತೇವಲ್ಲ, ಅದೇ. ಸ್ನಾನದಿಂದಲೇ ಬಂದದ್ದಲ್ಲ, ಇಂಥ ಒಣ ಚರ್ಮ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ. ಆದರೆ ಬಿಸಿನೀರು ಮತ್ತು ಸೋಪು ಅದನ್ನು ಕೆರಳಿಸುತ್ತವೆ ಅಂದರು.

ಅವರು ವಿವರಿಸಿದ್ದು ನನಗೆ ಚೆನ್ನಾಗಿ ನಾಟಿತು. ಎಳೆ ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ಒಳಗಿನ ತೇವವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಮೇಲಿರುವ ಸ್ವಂತ ಜಿಡ್ಡೇ ಅದಕ್ಕೆ ಕಾವಲು. ಬಿಸಿನೀರು ಆ ಜಿಡ್ಡನ್ನು ಕರಗಿಸುತ್ತದೆ, ಸೋಪು ತೊಳೆದುಕೊಂಡು ಹೋಗುತ್ತದೆ. ಚರ್ಮದ ಗುಣ ಸ್ವಲ್ಪ ಹುಳಿ, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 5.5ರ ಆಸುಪಾಸು, ನಾವು ಬಳಸುವ ಮಾಮೂಲಿ ಸೋಪುಗಳದ್ದು 9ರಿಂದ 10, ಅಂದರೆ ಕ್ಷಾರ. ದಿನಾ ಎರಡು ಹೊತ್ತು ಹಾಗೆ ತೊಳೆದರೆ ಚರ್ಮ ತನ್ನ ಹದಕ್ಕೆ ಮರಳುವುದಾದರೂ ಯಾವಾಗ? ಕಡ್ಲೆಹಿಟ್ಟು ಸೋಪಲ್ಲದಿದ್ದರೂ ಅದರ ತರಿ ಇಂಥ ಮೈಗೆ ತಿಕ್ಕುಗಲ್ಲಿನಂತೆ ಅಂದರು.

“ಹಾಗಾದ್ರೆ ವಾರಕ್ಕೆಷ್ಟು ಸಲ ಡಾಕ್ಟ್ರೇ?” ಅಂತ ನನ್ನ ಹೆಂಡತಿ ಕೇಳಿದಳು. ಮೊದಲ ವರ್ಷದಲ್ಲಿ ವಾರಕ್ಕೆ ಮೂರು ಸಲ ಸಾಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ, ದಿನಾ ಬೇಕಾಗಿಲ್ಲ ಅಂತ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೂ ಹೇಳುತ್ತದೆ ಅಂದರು. ಮಿಕ್ಕ ದಿನ ಮುಖ, ಹಾಲು ಇಳಿಯುವ ಕತ್ತಿನ ಮಡಿಕೆ, ಕೈ, ತೊಡೆಸಂದು ಇಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ನಮ್ಮ ಸೆಕೆಗೆ ದಿನಾ ಹಾಕಬೇಕು ಅನ್ನಿಸಿದರೆ ಹಾಕಿ, ತಪ್ಪಿಲ್ಲ. ಆದರೆ ನೀರು ಮೈಬಿಸಿಯ ಆಸುಪಾಸಿನಲ್ಲೇ ಇರಬೇಕು, 37-38 ಡಿಗ್ರಿ. ಐದರಿಂದ ಹತ್ತು ನಿಮಿಷದೊಳಗೆ ಮುಗಿಸಿ, ಉಜ್ಜದೆ ಒತ್ತಿ ಒರೆಸಿ, ಮೂರು ನಿಮಿಷದೊಳಗೆ, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ, ಕ್ರೀಮು ಸವರಿ. ಕಲೆ ಇಲ್ಲದ ಕಡೆ ಕೊಬ್ಬರಿ ಎಣ್ಣೆ ಆಗಬಹುದು. ಕಿವಿಗೆ, ಮೂಗಿಗೆ ಮಾತ್ರ ಎಣ್ಣೆ ಬಿಡಲೇಬೇಡಿ, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಹೊಗೆಯೂ ಬೇಡ.

ಬರೆದುಕೊಟ್ಟ ಚೀಟಿ ಹಿಡಿದು ಹೊರಗೆ ಬಂದಾಗ ಹೆಂಡತಿ ಅಂದಳು, “ಅತ್ತೆಗೆ ನಾನು ಹೇಳಲ್ಲರೀ. ನಾನು ಹೇಳಿದ್ರೆ ಅದು ಬೇರೆ ಥರ ಕೇಳಿಸುತ್ತೆ.” ಅವಳ ಮಾತು ನಿಜ. ಸೊಸೆ ಹೇಳಿದರೆ ಅದು ಕೊಂಕು, ಮಗ ಹೇಳಿದರೆ ಸುದ್ದಿ. ಇಂಥ ಮಾತನ್ನು ಹೆಂಡತಿಯ ಬಾಯಿಂದ ಆಡಿಸಿ ತಾನು ಪಕ್ಕಕ್ಕೆ ನಿಲ್ಲುವ ಗಂಡಸು ಎರಡೂ ಕಡೆ ಕೆಡಿಸುತ್ತಾನೆ. ಮಗಳು ಹುಟ್ಟಿದಾಗ ನಾನು ಹಾಗೇ ನಿಂತಿದ್ದೆ. ಅವತ್ತು ಆಸ್ಪತ್ರೆಯಲ್ಲಿ ಮಗುವಿಗೆ ನೀರು ಹಾಕಿರಲಿಲ್ಲ. ಮೊದಲ ಸ್ನಾನವನ್ನು 24 ಗಂಟೆ ತಡಮಾಡಿ, ಮೈ ತಣ್ಣಗಾಗಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೈಗೆ ಅಂಟಿದ ಬೆಣ್ಣೆಯಂಥ ಬಿಳಿ ಪದರವೂ ಚರ್ಮಕ್ಕೆ ಒಳ್ಳೆಯದು. ಇದನ್ನೆಲ್ಲ ಯಾರೂ ಅವ್ವನಿಗೆ ಬಿಡಿಸಿ ಹೇಳಲಿಲ್ಲ. “ಮೈ ತೊಳೀದೆ ಮಗೀನ ಕೊಡ್ತಾರಾ?” ಅಂತ ಅವಳು ನೊಂದುಕೊಂಡು ಕೂತಿದ್ದು ನನಗೆ ನೆನಪಿದೆ.

ಮುಂದಿನ ಭಾನುವಾರ ಒಬ್ಬನೇ ಊರಿಗೆ ಹೋದೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅನ್ನಿಸಿತ್ತು. ಅವ್ವ ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕ ಕೂತು ನಾನೂ ಸುಲಿಯುತ್ತ ಹೇಳಿದೆ. ಕೇಳಿದಳು. ಕೈ ನಿಲ್ಲಲಿಲ್ಲ.

“ನಿಂಗೂ ಇಂಗೇ ಉಯ್ದು ಸಾಕಿದ್ದು ಕಣ್ಲಾ. ನಿನ್ ಮೈಗೇನಾಗದೆ?”

“ನಂಗೇನೂ ಆಗಿಲ್ಲ ಕಣವ್ವ. ಅವಳ ಮೈ ಬೇರೆ.” ಫೋನಿನಲ್ಲಿದ್ದ ಚಿತ್ರ ತೋರಿಸಿದೆ. ಮಂಡಿಯ ಹಿಂದಿನ ರಕ್ತದ ಗೆರೆಯನ್ನು ನೋಡಿ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ತುಂಬ ಹೊತ್ತು ಮಾತಿಲ್ಲ. ಆಮೇಲೆ ನಾನು ಕೇಳಿದೆ, “ನಿಜವಾಗ್ಲೂ ನಂಗೆ ದಿನಾ ಉಯ್ದಿದ್ಯಾ?”

ಅವ್ವ ಯೋಚನೆ ಮಾಡಿದಳು. “ಬಾಣಂತನದಲ್ಲಿ ನಮ್ಮವ್ವ ದಿನಾ ಉಯ್ದ್ಲು. ಇಲ್ಗೆ ಬಂದ್ಮೇಕೆ ಎಲ್ಲಾಯ್ತದೆ? ಆಗ ನಲ್ಲಿ ಎಲ್ಲಿತ್ತು? ಊರ ಮುಂದ್ಲ ಬಾವಿಯಿಂದ ಹೊರ್ಬೇಕಿತ್ತು. ಸೌದೆಗೂ ತಾಪತ್ರಯ. ಮಂಗಳವಾರ, ಶುಕ್ರವಾರ ಎರಡೇ ದಪ ನೀರು. ಮಿಕ್ಕಿದ್ ದಿನ ಬಟ್ಟೆ ಒದ್ದೆ ಮಾಡಿ ಒರ್ಸಿ, ಎಣ್ಣೆ ಸವ್ರಿ ಎಳೆ ಬಿಸ್ಲಲ್ಲಿ ಮನಗುಸ್ತಿದ್ದೆ.”

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿದ್ದದ್ದೂ ಇದೇ ಅಲ್ಲವೇ? ನಾವು ಹಿಂದಿನವರ ಪದ್ಧತಿ ಅಂದುಕೊಂಡಿದ್ದ ದಿನನಿತ್ಯದ ಬಿಸಿನೀರು ನಲ್ಲಿ, ಗೀಸರು, ಸೋಪು ಬಂದ ಮೇಲಿನದ್ದು. ಅವ್ವನಿಗೂ ಅದು ಮರೆತೇಹೋಗಿತ್ತು. ನೀರಿಗೆ ಬರವಿಲ್ಲದ ಕಾಲದಲ್ಲಿ ಮೊಮ್ಮಗಳಿಗೆ ಕಮ್ಮಿ ಮಾಡಬಾರದು ಅಂತ ಅವಳು ಸುರಿದದ್ದು ಪ್ರೀತಿಯನ್ನೇ. ಅದು ಗೊತ್ತಿದ್ದರಿಂದಲೇ ನನಗೆ ಹೇಳಲು ಅಷ್ಟು ಕಷ್ಟವಾಗಿದ್ದು.

ವಾರಕ್ಕೆ ಇಷ್ಟೇ ಅಂತ ಒಂದು ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಚಳಿಗೂ ಮಂಡ್ಯದ ಏಪ್ರಿಲ್‌ಗೂ ಎಲ್ಲಿಂದೆಲ್ಲಿಯ ಸಾಟಿ? ಬೇಸಿಗೆಯಲ್ಲಿ ಮಗಳಿಗೆ ದಿನಾ ನೀರು ಹಾಕಿದೆವು, ಸೋಪಿಲ್ಲದೆ, ಐದೇ ನಿಮಿಷ. ಹಾಕದಿದ್ದರೆ ಬೆವರುಸಾಲೆ ಏಳುತ್ತಿತ್ತು. ಅಕ್ಕನ ಮಗನಿಗೆ ಆರು ವರ್ಷ, ಸಂಜೆ ಹೊತ್ತಿಗೆ ಅವನ ಮೈಮೇಲೆ ಅರ್ಧ ಗದ್ದೆ ಇರುತ್ತದೆ. ಅಂಥ ಮಗುವಿಗೆ ಮೂರು ದಿನಕ್ಕೊಮ್ಮೆ ಅಂತ ಯಾರು ಹೇಳಿಯಾರು? ಮಗುವಿನ ಮೈ, ಅವತ್ತಿನ ಹವೆ, ಅವತ್ತಿನ ಕೊಳೆ ನೋಡಿ ಹಾಕಬೇಕು. ಆದರೆ ನೀರು ಹಾಕದ ದಿನ ಮಗುವನ್ನು ಅಜ್ಜಿಯ ಕಾಲ ಮೇಲಿಂದ ಎತ್ತಿಕೊಂಡುಬಿಟ್ಟರೆ ಇಬ್ಬರಿಗೂ ನಷ್ಟ. ಬಿಡಬೇಕಾದದ್ದು ಸುಡುವ ನೀರು, ಸೋಪು, ಹೊಗೆ, ಅರ್ಧ ಗಂಟೆಯ ತಿಕ್ಕಾಟ. ಆ ಕಾಲು, ಆ ಕೈ ಬಿಟ್ಟರೆ ಮಗುವಿಗೆ ಬೇರೆ ಎಲ್ಲಿ ಸಿಕ್ಕೀತು?

ಕ್ರೀಮು, ಮುಲಾಮು, ಬೆಚ್ಚನೆ ನೀರು ಅಂತ ಒಂದು ತಿಂಗಳಿಗೆ ಮಂಡಿಯ ಹಿಂದಿನ ಬಿರುಕು ಕೂಡಿಕೊಂಡಿತು. ಕೆನ್ನೆಯ ಕಲೆ ಚಳಿಗಾಳಿ ಬೀಸಿದಾಗ ಈಗಲೂ ಇಣುಕುತ್ತದೆ. ಯುಗಾದಿಗೆ ಊರಿಗೆ ಹೋದಾಗ ಬೆಳಗ್ಗೆಯೇ ಪಕ್ಕದ ಮನೆಯವರು ಬಂದು, “ಮಗೀಗೆ ನೀರಾಕಿಲ್ವಾ?” ಅಂತ ಹೆಂಡತಿಯ ಮುಖ ನೋಡಿದರು. ಅವಳು ಬಾಯಿ ತೆಗೆಯುವ ಮುಂಚೆಯೇ ಅವ್ವ ಅಂದಳು, “ಇವತ್ತು ಎಣ್ಣೆ ದಿನ ಕಣಮ್ಮಿ, ನೀರಿನ ದಿನ ನಾಳೀಕೆ.”

ಜಗುಲಿಗೆ ಎಳೆ ಬಿಸಿಲು ಬಂದಿತ್ತು. ಅವ್ವ ಕಾಲು ನೀಡಿ ಮೊಮ್ಮಗಳನ್ನು ಮಲಗಿಸಿಕೊಂಡು ಬೆನ್ನಿನಿಂದ ಹಿಮ್ಮಡಿಯವರೆಗೆ ನೀವಿದಳು. ಸ್ವಲ್ಪ ಹೊತ್ತಿಗೆಲ್ಲ ಮಗು ಅಲ್ಲೇ ಕಣಕಾಲ ಮೇಲೆ ನಿದ್ದೆ ಹೋಯಿತು. ಎತ್ತಲು ಹೋದ ನನಗೆ ಬೇಡ ಅಂತ ಸನ್ನೆ ಮಾಡಿ, ಅಂಗೈಯಲ್ಲಿ ಉಳಿದಿದ್ದ ಎಣ್ಣೆಯನ್ನು ಅವ್ವ ಬಿರಿದಿದ್ದ ತನ್ನ ಮಂಡಿಗೆ ಸವರಿಕೊಂಡಳು.